ಸೆಟ್ಟಿಂಗ್‌ಮಣಿದರ್ಪಣಂ

ಕೇಶಿರಾಜ 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿ ಕನ್ನಡದ ಸಂಧಿ, ನಾಮ, ಸಮಾಸಗಳನ್ನೆಲ್ಲ ಒಂದು ಕಟ್ಟಿಗೆ ತಂದ. ಮೊದಲು ಸೂತ್ರ, ಅದರ ಬೆನ್ನಿಗೆ ವೃತ್ತಿ, ಆಮೇಲೆ ಪ್ರಯೋಗ. ಆದರೆ ಚಾರ್ಜರು, ಪಾಸ್‌ವರ್ಡು, ಹಾರ್ಡ್ ಡಿಸ್ಕು, ಬ್ಲಾಗು ಇವುಗಳ ಬಗ್ಗೆ ಆ ಮಹಾವೈಯಾಕರಣ ತುಟಿ ಬಿಚ್ಚದೆ ಹೋದದ್ದು ಮುಂದಿನ ಏಳೂವರೆ ಶತಮಾನದ ಯಾವ ಪಂಡಿತನ ಕಣ್ಣಿಗೂ ಬೀಳಲಿಲ್ಲವೆಂಬುದು ಸೋಜಿಗ. ಆ ಕೊರತೆ ನೀಗಲೆಂದೇ ಈ ಗ್ರಂಥ. ಅವನು ಸೂತ್ರಗಳನ್ನು ಕಂದಪದ್ಯದಲ್ಲಿ ಕಟ್ಟಿದ. ಕಂದಕ್ಕೆ ಮಾತ್ರೆ ಎಣಿಸಿ ಮುಗಿಸುವಷ್ಟರಲ್ಲಿ ಫೋನು ಅಪ್‌ಡೇಟ್ ಆಗಿ, ಹೇಳಿದ ಗುಂಡಿಯೇ ಹೇಳಿದ ಜಾಗದಲ್ಲಿ ಇಲ್ಲದಾಗುವ ಭಯವಿರುವುದರಿಂದ ನಾನು ಗದ್ಯ ಹಿಡಿದಿದ್ದೇನೆ. ಸಹೃದಯರು ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಬೇಕು.

ಶಾಸ್ತ್ರದ ಆರಂಭದಲ್ಲಿ ಅಧಿಕಾರಿ ಯಾರೆಂದು ನಿರ್ಣಯಿಸುವುದು ಸಂಪ್ರದಾಯ. ಮನೆಯಲ್ಲಿ ವೈಫೈ ಕೈಕೊಟ್ಟಾಗ ಎಲ್ಲರೂ ಯಾರ ಮುಖ ನೋಡುತ್ತಾರೋ ಅವರೇ ಈ ಶಾಸ್ತ್ರಕ್ಕೆ ಅಧಿಕಾರಿ. ಅವರಿಗೆ ತಿಳಿದಿರುವುದು ರೂಟರನ್ನು ಆರಿಸಿ ಮತ್ತೆ ಹಾಕುವುದೊಂದೇ ಎಂಬುದು ಪರಮರಹಸ್ಯ. ಅದನ್ನು ಉಳಿದವರಿಗೆ ಉಪದೇಶಿಸಕೂಡದು. ಪ್ರಯೋಜನವನ್ನೂ ಹೇಳಬೇಕಂತೆ. ಇಲ್ಲ.

ಸೂತ್ರಂ: ಬಳಸಲ್ಕೆಂದು ಹೊಂದಿಸುವಂ ಬಾಲಂ, ಹೊಂದಿಸಲ್ಕೆಂದೆ ಕೊಳ್ವಂ ಪ್ರೌಢಂ.

ವೃತ್ತಿ: ಸಾಧನವನ್ನು ಸರಿಯಾಗಿ ಹೊಂದಿಸಿಕೊಂಡರೆ ಆಮೇಲೆ ನೆಮ್ಮದಿಯಾಗಿ ಬಳಸಬಹುದು ಎಂಬುದು ಪೂರ್ವಪಕ್ಷ. ಆ ‘ಆಮೇಲೆ’ ಎಂಬ ಕಾಲ ಭೂತ, ಭವಿಷ್ಯತ್, ವರ್ತಮಾನ ಮೂರರಲ್ಲೂ ಸೇರದ್ದರಿಂದ ಪೂರ್ವಪಕ್ಷ ನಿಲ್ಲುವುದಿಲ್ಲ. ಹೊಂದಿಸುವುದೇ ಬಳಕೆ ಎಂಬುದು ಸಿದ್ಧಾಂತ.

ಪ್ರಯೋಗ: ಹೊಸ ಫೋನು ಮನೆಗೆ ಬಂದ ಸಂಜೆ. ಅಕ್ಷರದ ಗಾತ್ರ, ರಿಂಗ್‌ಟೋನು, ಹಿನ್ನೆಲೆಗೆ ಜೋಗ ಜಲಪಾತವೋ ಮೊಮ್ಮಗಳೋ ಎಂಬ ಚರ್ಚೆ, ಐಕಾನುಗಳನ್ನು ಬಣ್ಣಕ್ಕೆ ತಕ್ಕಂತೆ ಜೋಡಿಸುವುದು, ಇಷ್ಟರಲ್ಲಿ ರಾತ್ರಿ ಊಟದ ಹೊತ್ತಾಯಿತು. ಊರಿಗೆ ಫೋನ್ ಮಾಡಿ ಹೊಸ ಫೋನು ಬಂದ ಸುದ್ದಿ ಹೇಳುವುದಕ್ಕೆ ಹಳೆಯ ಫೋನನ್ನೇ ಎತ್ತಿಕೊಂಡರು. ಸಿಮ್ಮು ಅದರಲ್ಲೇ ಇತ್ತು.

ಸೂತ್ರಂ: ಎರಡುಂ ಯಂತ್ರಂ ಕೂಡೆ ಲೋಪಾಗಮಾದೇಶಂಗಳಕ್ಕುಂ.

ವೃತ್ತಿ: ಶಾಲೆಯಲ್ಲಿ ಕಲಿತ ಸಂಧಿ ಬದುಕಿನಲ್ಲಿ ಕೆಲಸಕ್ಕೆ ಬರುವುದಿಲ್ಲವೆಂದು ಗೊಣಗಿದವರೆಲ್ಲ ಇಲ್ಲಿ ಕಿವಿಗೊಡಬೇಕು. ಫೋನನ್ನೂ ಲ್ಯಾಪ್‌ಟಾಪನ್ನೂ ಸಿಂಕ್ ಮಾಡಿದಾಗ, ಇತ್ತಲೂ ಅತ್ತಲೂ ಇದ್ದ ಫೈಲು ಎತ್ತಲೂ ಇಲ್ಲವಾದರೆ ಅದು ಲೋಪಸಂಧಿ. ಒಬ್ಬನೇ ಇದ್ದ ಚಿಕ್ಕಪ್ಪನ ಪಕ್ಕದಲ್ಲಿ ‘ಚಿಕ್ಕಪ್ಪ 1’, ‘ಚಿಕ್ಕಪ್ಪ ಹೊಸ ನಂಬರ್’, ‘ಚಿಕ್ಕಪ್ಪ ಹಳೇ ಹೊಸ ನಂಬರ್’ ಎಂದು ಮೂವರು ಹುಟ್ಟಿಕೊಂಡರೆ ಆಗಮಸಂಧಿ. ಕ ತ ಪಗಳ ಜಾಗಕ್ಕೆ ಗ ದ ಬಗಳು ಹೇಳದೆ ಕೇಳದೆ ಬಂದು ಕೂರುವ ಹಾಗೆ, ನಿನ್ನೆ ರಾತ್ರಿ ತಿದ್ದಿದ ಬರಹದ ಜಾಗಕ್ಕೆ ಹೋದ ವರ್ಷದ ಕರಡು ಬಂದು ಕೂತರೆ ಆದೇಶಸಂಧಿ. ಇವು ಮೂರೂ ಆಗದೆ ತೆರೆಯ ನಡುವೆ ಚಕ್ರವೊಂದು ಸುಮ್ಮನೆ ಸುತ್ತುತ್ತಿದ್ದರೆ ಪ್ರಕೃತಿಭಾವ. ಕ್ಲೌಡಿಗೆ ದುಡ್ಡು ಕಟ್ಟುವುದನ್ನು ಮರೆತಾಗ ಆಗುವುದು ವಿಸಂಧಿ.

ಸೂತ್ರಂ: ಫೋನಂ ಕೆಳಗಿಡುವ ವಿಧಿಯಂ ಫೋನೊಳೆ ನೋಳ್ಪುದು.

ವೃತ್ತಿ: ಜನ ಫೋನನ್ನು ಅತಿಯಾಗಿ ನೋಡುತ್ತಾರೆಂಬ ಕಳವಳ 2018ರಲ್ಲಿ ಆಪಲ್ಲಿಗೂ ಗೂಗಲ್ಲಿಗೂ ಒಂದೇ ವರ್ಷ ಹುಟ್ಟಿತು. ಎಷ್ಟು ಹೊತ್ತು ನೋಡಿದಿರೆಂದು ಲೆಕ್ಕ ಕೊಡುವ ಏರ್ಪಾಡನ್ನು ಎರಡೂ ಕಂಪನಿಗಳು ಫೋನಿನ ಒಳಗೇ ಇಟ್ಟವು. ಲೆಕ್ಕ ನೋಡಲು ಫೋನು ತೆಗೆಯಬೇಕು, ತೆಗೆದದ್ದು ಲೆಕ್ಕಕ್ಕೆ ಸೇರಬೇಕು. ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಅನವಸ್ಥಾದೋಷ ಎನ್ನುತ್ತಾರೆ, ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಡಿಜಿಟಲ್ ಉಪವಾಸ ಎನ್ನುತ್ತಾರೆ.

ಮಲಗುವ ಕೋಣೆಗೆ ಫೋನು ತರಬಾರದು ಎಂಬ ವಿಧಿಯೊಂದಿದೆ. ‘ಅಲಾರಂ?’ ಎಂಬುದು ಅದಕ್ಕೆ ಅಪವಾದ. ಅಲಾರಂ ಗಡಿಯಾರ ಕೊಳ್ಳಿರಿ ಎಂಬುದು ಅಪವಾದಕ್ಕೆ ಪ್ರತ್ಯಪವಾದ. ಯಾವ ಗಡಿಯಾರ ಒಳ್ಳೆಯದೆಂದು ರಾತ್ರಿ ಹಾಸಿಗೆಯಲ್ಲಿ ಫೋನು ಹಿಡಿದು ಹುಡುಕುವುದು ಶಿಷ್ಟಾಚಾರ.

ತೆರೆಯನ್ನು ಕಪ್ಪು-ಬಿಳುಪು ಮಾಡಿಬಿಟ್ಟರೆ ಮೋಹ ಕಳೆಯುತ್ತದೆಂದು ಇನ್ನೊಂದು ಮತ. ಪ್ರಯೋಗ: ವೈರಾಗ್ಯ ತಳೆದು ಹಾಗೆ ಮಾಡಿಕೊಂಡ ಮಾವನವರೊಬ್ಬರಿಗೆ ಮದುವೆ ಮನೆಯಿಂದ ಮೈಸೂರು ಸಿಲ್ಕ್ ಸೀರೆಗಳ ಫೋಟೋ ಬಂತು, ಯಾವುದು ಚೆನ್ನಾಗಿದೆ ಹೇಳಿ ಎಂದು. ಎರಡನೆಯ ಬೂದಿ ಬಣ್ಣದ್ದು ಎಂದು ಉತ್ತರ ಕೊಟ್ಟರು. ಅದು ಧಾರೆಗೆಂದು ಎತ್ತಿಟ್ಟ ಅರಿಶಿನ ಬಣ್ಣದ ಸೀರೆ. ಬಣ್ಣ ಮಧ್ಯಾಹ್ನದೊಳಗೆ ಮರಳಿತು.

ಕನ್ನಡ ನಾಡಿನಲ್ಲಿ ವರ್ಷಕ್ಕೊಮ್ಮೆ ನಿಜವಾದ ಸಾಧನವಿರಾಮ ಒದಗಿಬರುವುದು ಆಯುಧಪೂಜೆಯ ದಿನ. ಲ್ಯಾಪ್‌ಟಾಪಿಗೆ ಕುಂಕುಮ, ಪ್ರಿಂಟರಿಗೆ ಸೇವಂತಿಗೆ, ಬೈಕಿನ ಚಕ್ರದಡಿ ನಿಂಬೆಹಣ್ಣು. ಪೂಜೆಗಿಟ್ಟ ಆಯುಧವನ್ನು ಮುಟ್ಟುವಂತಿಲ್ಲ. ಫೋನನ್ನೂ ಸಾಲಿನಲ್ಲಿಟ್ಟು ಅಕ್ಷತೆ ಹಾಕುತ್ತಾರೆ. ಆದರೆ ಪೂಜೆಯ ಫೋಟೋ ಗುಂಪಿಗೆ ಹೋಗಬೇಕಲ್ಲ? ಅದಕ್ಕಾಗಿ ಮನೆಯ ಒಂದು ಫೋನು ಸದಾ ಮಡಿಯಿಂದ ಹೊರಗುಳಿಯುತ್ತದೆ. ಪ್ರತಿ ಮನೆಗೂ ಎರಡು ಫೋನು ಬೇಕೇ ಬೇಕೆಂಬ ವಿಧಿಗೆ ಇದೇ ಪ್ರಮಾಣ.

ಸೂತ್ರಂ: ಕಂಡುದಂ ಕಾಪಿಡುವುದು; ಕಾಪಿಟ್ಟುದಂ ಕಾಣದಿರ್ಪುದು.

ವೃತ್ತಿ: ಇದು ಈ ಗ್ರಂಥದ ಹೃದಯಪ್ರಕರಣ. ಇಲ್ಲಿ ಸ್ವಲ್ಪ ನಿಧಾನವಾಗುತ್ತದೆ, ಓದುಗರ ಡಿಸ್ಕಿನ ಹಾಗೆ.

ಸಂಗ್ರಹಮಾಧ್ಯಮಗಳಲ್ಲಿ ಶಿಲೆ ಅತಿಪ್ರಾಚೀನ. ಸುಮಾರು ಕ್ರಿ.ಶ. 450ರದೆಂದು ಎಣಿಸುವ ಹಲ್ಮಿಡಿ ಶಾಸನದಲ್ಲಿ ಇರುವುದು 16 ಸಾಲು. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಅದನ್ನು ಪತ್ತೆ ಮಾಡಿದಾಗ ಯಾವ ಕೇಬಲ್ಲೂ ಬೇಕಾಗಲಿಲ್ಲ, ಪಾಸ್‌ವರ್ಡನ್ನೂ ಯಾರೂ ಕೇಳಲಿಲ್ಲ. ಒಮ್ಮೆ ಕೆತ್ತಿದರೆ ತಿದ್ದುವಂತಿಲ್ಲ ಎಂಬುದೊಂದೇ ಕುಂದು. ಆದ್ದರಿಂದ ಹಳಬರು ಮೊದಲು ಯೋಚಿಸಿ ಆಮೇಲೆ ಬರೆಯುತ್ತಿದ್ದರು, ಈ ಪದ್ಧತಿ ಈಗ ಉಳಿದಿಲ್ಲ. ಶಾಸನದ ಕೊನೆಯಲ್ಲಿ ಬರುವ ಶಾಪಾಶಯವೂ ಗಮನಾರ್ಹ. ಈ ದಾನವನ್ನು ಅಳಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನು ಎಂದು ನಮ್ಮ ಎಷ್ಟೋ ದಾನಶಾಸನಗಳು ಎಚ್ಚರಿಸುತ್ತವೆ. ‘ಖಂಡಿತ ಅಳಿಸಬೇಕೇ?’ ಎಂದು ಇವತ್ತಿನ ಯಂತ್ರ ಕೇಳುವ ಪ್ರಶ್ನೆ ಅದರದೇ ಸಂತಾನ. ಶಿಕ್ಷೆಯ ಅವಧಿಯನ್ನಷ್ಟೇ ಕಂಪನಿಯವರು ಬಿಟ್ಟಿದ್ದಾರೆ.

ಅಳಿಸಿ ಬರೆಯಬಲ್ಲ ಮಾಧ್ಯಮವೂ ನಮ್ಮಲ್ಲಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯುವ ಕಡತ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಬೇಡವಾದದ್ದನ್ನು ಒರೆಸಿ, ಕಪ್ಪು ಬಳಿದು, ಮತ್ತೆ ಬರೆಯಬಹುದಿತ್ತು. ಅಂದರೆ ಶಾನುಭೋಗರಿಗೆ ಅಳಿಸುವುದು ಗೊತ್ತಿತ್ತು. ಈ ವಿದ್ಯೆ ಯಾವಾಗ ನಷ್ಟವಾಯಿತೆಂದು ಹುಡುಕುವುದೇ ಪ್ರಸ್ತುತ ಸಂಶೋಧನೆಯ ಗುರಿ.

ಜಾಗ ಕಡಿಮೆಯಿದ್ದಷ್ಟೂ ಕಾಲ ಅದು ಉಳಿದಿತ್ತೆಂದು ತೋರುತ್ತದೆ. ಐಬಿಎಂ ಕಂಪನಿ 1956ರಲ್ಲಿ ತಂದ ಮೊದಲ ಡಿಸ್ಕ್ ಸಂಗ್ರಹದಲ್ಲಿ ತಲಾ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಒಟ್ಟು ತೂಕ ಸುಮಾರು ಒಂದು ಟನ್ನು, ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತು ಸೀಮಂತದ ಒಂದು ಫೋಟೋ, ಅದೂ ಅಲುಗಾಡಿ ಹಾಳಾದದ್ದು, ಅದನ್ನು ತುಂಬಿಬಿಡುತ್ತದೆ. 2004ರ ಏಪ್ರಿಲ್ 1ರಂದು ಜಿಮೇಲ್ 1 ಗಿಗಾಬೈಟ್ ಜಾಗ ಕೊಡುತ್ತೇನೆಂದಾಗ ಅನೇಕರು ಏಪ್ರಿಲ್ ಫೂಲ್ ಇರಬೇಕೆಂದುಕೊಂಡರು. ಗೂಗಲ್ ಫೋಟೋಸ್ 2015ರಲ್ಲಿ ಇನ್ನಷ್ಟು ಮುಂದೆ ಹೋಗಿ, ಕೊಂಚ ಕುಗ್ಗಿಸಿದ ಚಿತ್ರಗಳನ್ನು ಎಷ್ಟು ಬೇಕಾದರೂ ಬಿಟ್ಟಿಯಾಗಿ ಇಡಿ ಎಂದಿತು. ಜನ ಇಟ್ಟರು. ಇಟ್ಟು ಅಭ್ಯಾಸವಾದ ಮೇಲೆ 2021ರ ಜೂನ್ 1ರಿಂದ ಇಡುವುದೆಲ್ಲವೂ 15 ಗಿಗಾಬೈಟಿನ ಲೆಕ್ಕಕ್ಕೆ ಎಂದಿತು. ಆಹ್ವಾನಿಸಿ ಎಲೆ ಹಾಕಿ, ಎರಡನೇ ಸಲದ ಅನ್ನಕ್ಕೆ ಬಿಲ್ಲು ಕೊಡುವ ಈ ಕ್ರಮಕ್ಕೆ ಧರ್ಮಶಾಸ್ತ್ರದಲ್ಲಿ ಹೆಸರು ಸಿಕ್ಕಿಲ್ಲ.

ಅಲ್ಲಿಂದ ಮನೆಯಲ್ಲೇ ಡಿಸ್ಕು ಇಟ್ಟುಕೊಳ್ಳುವ ವಾನಪ್ರಸ್ಥ ಶುರು. ಬೆಂಗಳೂರಿನ ಎಸ್.ಪಿ. ರೋಡಿನಿಂದ 1 ಟೆರಾಬೈಟಿನ ಡಿಸ್ಕು ತಂದು ಜೋಡಿಸಿದರೆ ಗಣಕ 931 ಗಿಗಾಬೈಟ್ ತೋರಿಸುತ್ತದೆ. ಉಳಿದ 69 ಎಲ್ಲಿ ಎಂಬುದು ಈ ಶಾಸ್ತ್ರದ ಅತ್ಯಂತ ಬಿಸಿಯಾದ ವಾದ. ಅಂಗಡಿಯವನು ತೂಕದಲ್ಲಿ ಹೊಡೆದ ಎಂಬುದು ಮನೆಯವರ ಪೂರ್ವಪಕ್ಷ. ಡಿಸ್ಕು ಮಾಡಿದವರು ಸಾವಿರದಿಂದ ಗುಣಿಸುತ್ತಾರೆ, ಗಣಕ 1024ರಿಂದ ಭಾಗಿಸುತ್ತದೆ, ಎಳ್ಳಷ್ಟೂ ಎಲ್ಲಿಗೂ ಹೋಗಿಲ್ಲ ಎಂಬುದು ಸಿದ್ಧಾಂತ. ಈ ಜಗಳ ಬಿಡಿಸಲೆಂದೇ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯೊಂದು 1998ರಲ್ಲಿ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಹೆಸರುಗಳನ್ನು ಕೊಟ್ಟಿತು. ಉಚ್ಚರಿಸಿ ನೋಡಿದ ಅಂಗಡಿಗಳು ಅವನ್ನು ಅಲ್ಲೇ ಬಿಟ್ಟವು. ಮನೆಯವರಿಗೆ ಅಂಗಡಿಯವನ ಮೇಲಿನ ಗುಮಾನಿ ಇಂದಿಗೂ ಹೋಗಿಲ್ಲ.

ಒಂದು ಡಿಸ್ಕು ಸತ್ತರೆ? ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರಲ್ಲೇ ಅಗ್ಗದ ಡಿಸ್ಕುಗಳನ್ನು ಗುಂಪು ಕಟ್ಟಿ ಒಂದು ಹೋದರೂ ಉಳಿದವು ಸಂಸಾರ ನಡೆಸುವ ದಾರಿ ತೋರಿಸಿದರು. ರೇಡ್ ಎಂಬ ಈ ಅವಿಭಕ್ತ ಕುಟುಂಬವನ್ನೇ ಬ್ಯಾಕಪ್ ಎಂದು ತಿಳಿಯುವುದು ಭ್ರಾಂತಿ. ತಪ್ಪಿ ಅಳಿಸಿದ ಫೈಲನ್ನು ಅದು ಎಲ್ಲ ಡಿಸ್ಕುಗಳಿಂದಲೂ ಬಹಳ ನಿಷ್ಠೆಯಿಂದ ಅಳಿಸುತ್ತದೆ. ಬ್ಯಾಕಪ್ಪಿಗೆ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರ 3-2-1 ನಿಯಮವಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಿಂದ ಹೊರಗೆ. ಉಪ್ಪಿನಕಾಯಿಯ ವಿಷಯದಲ್ಲಿ ನಮ್ಮ ಅಜ್ಜಿಯಂದಿರು ಇದನ್ನೇ ಪಾಲಿಸುತ್ತಿದ್ದರು: ಅಡುಗೆಮನೆಯ ಗಾಜಿನ ಬಾಟಲಿ, ಅಟ್ಟದ ಮೇಲಿನ ಭರಣಿ, ಶಿವಮೊಗ್ಗದ ಮಗಳ ಮನೆಗೆ ಕಳಿಸಿದ ಪಾಲು. ವ್ಯತ್ಯಾಸವೆಂದರೆ ಉಪ್ಪಿನಕಾಯಿಯನ್ನು ತಿನ್ನುತ್ತಿದ್ದರು.

ಪೂರ್ವಪಕ್ಷಿ ಇಲ್ಲಿ ಎದ್ದು ನಿಲ್ಲುತ್ತಾನೆ: ಇಷ್ಟೆಲ್ಲ ಕಾಪಾಡುತ್ತಿರುವುದಾದರೂ ಏನನ್ನು? ಪರಿಶೀಲಿಸಲಾಗಿ, ಹೆಚ್ಚಿನ ಭಾಗ ಕಮಲದ ಹೂವು, ಸೂರ್ಯೋದಯ, ಹಬೆಯಾಡುವ ಕಾಫಿಲೋಟ. ಭಾರತದಲ್ಲಿ ಫೋನುಗಳು ಏಕೆ ಉಸಿರುಗಟ್ಟುತ್ತಿವೆ ಎಂದು ಗೂಗಲ್ಲಿನವರು ಹುಡುಕಿಕೊಂಡು ಹೊರಟು ಮುಟ್ಟಿದ್ದು ಮುಂಜಾನೆಯ ಶುಭೋದಯ ಸಂದೇಶಗಳನ್ನು ಎಂದು 2018ರ ಜನವರಿಯಲ್ಲಿ ಪತ್ರಿಕೆಗಳು ಬರೆದವು. ಅವನ್ನು ಗುಡಿಸುವುದಕ್ಕೂ ನೆರವಾಗುವ ಆ್ಯಪ್ ಒಂದನ್ನು ಅವರು ಅದಕ್ಕೆ ಸ್ವಲ್ಪ ಮೊದಲು, 2017ರ ಡಿಸೆಂಬರಿನಲ್ಲಿ ಬಿಟ್ಟಿದ್ದರು. ಆ ಆ್ಯಪ್ ಒಳ್ಳೆಯದೆಂಬ ಸಲಹೆಯೂ ಗುಂಪುಗಳಲ್ಲಿ ಹರಿಯಿತು, ಮೇಲೊಂದು ಕಮಲದ ಜೊತೆ.

ಹಾಗಾದರೆ ಅಳಿಸಬಾರದೇಕೆ? ಅಳಿಸಬೇಕಾದರೆ ನೋಡಬೇಕು. ಡಿಸ್ಕು ಕೊಳ್ಳಲು, ಗುಂಪು ಕಟ್ಟಲು, ಕ್ಲೌಡಿಗೆ ದುಡ್ಡು ತೆರಲು ಏನನ್ನೂ ನೋಡಬೇಕಾಗಿಲ್ಲ. ನೋಡುವ ಕಷ್ಟವನ್ನು ತಪ್ಪಿಸಿಕೊಳ್ಳಲು ಮನುಷ್ಯ ಕಟ್ಟಿಕೊಂಡ ಭವ್ಯ ಸೌಧಕ್ಕೇ ಸ್ಟೋರೇಜ್ ಎಂದು ಹೆಸರು. ಈ ಮಾತನ್ನು ನಾನು ಅಣಕಕ್ಕೆ ಹೇಳುತ್ತಿಲ್ಲ. ಮುಂದಿನ ವಾಕ್ಯದಿಂದ ಮತ್ತೆ ಹೇಳುತ್ತೇನೆ.

ಸೂತ್ರಂ: ಬ್ಲಾಗಿನಾದಿಯೊಳ್ ನಮಸ್ಕಾರಮುಂ ಅಂತ್ಯದೊಳ್ ಕ್ಷಮಾಪಣೆಯುಮಕ್ಕುಂ.

ವೃತ್ತಿ: ಬ್ಲಾಗರ್ ಸೇವೆ 1999ರಲ್ಲಿ ಹುಟ್ಟಿತು, 2003ರಲ್ಲಿ ಗೂಗಲ್ ಅದನ್ನು ಕೊಂಡಿತು. ಯುನಿಕೋಡ್ ಕನ್ನಡ ಮನೆಮನೆಯ ಗಣಕದಲ್ಲಿ ಮೂಡತೊಡಗಿದ ಮೇಲೆ ಕನ್ನಡಿಗರೂ ಮುಗಿಬಿದ್ದರು. ಒಳ್ಳೆಯ ಗದ್ಯ ಬರೆದವರು ಅವರಲ್ಲಿ ಅನೇಕರಿದ್ದರು, ಶಾಸ್ತ್ರಕ್ಕೆ ಅವರು ಅಡ್ಡಿಯಾದ್ದರಿಂದ ಬಿಟ್ಟಿದ್ದೇನೆ. ಸಾಮಾನ್ಯ ಬ್ಲಾಗಿಗೆ ಮೂರು ಅವಸ್ಥೆ. ‘ಎಲ್ಲರಿಗೂ ನಮಸ್ಕಾರ, ಇದು ನನ್ನ ಮೊದಲ ಬರಹ’ ಎಂಬುದು ಬಾಲ್ಯ. ಹಿನ್ನೆಲೆ ಬಣ್ಣ, ಅಕ್ಷರವಿನ್ಯಾಸ, ಬದಿಯಲ್ಲಿ ಓದುಗರ ಸಂಖ್ಯೆ ತೋರಿಸುವ ಪಟ್ಟಿ, ಇವನ್ನು ಬದಲಿಸುತ್ತ ಕಳೆಯುವುದು ಯೌವನ. ‘ತುಂಬಾ ದಿನವಾಯಿತು ಬರೆದು, ಕ್ಷಮಿಸಿ, ಇನ್ನು ಮೇಲೆ ತಪ್ಪದೆ ಬರೆಯುತ್ತೇನೆ’ ಎಂಬುದು ಮುಪ್ಪು. ಅದರಾಚೆಗೆ ಬರಹ ಕಂಡುಬಂದಿಲ್ಲ.

ಯುನಿಕೋಡಿಗೆ ಮುಂಚಿನ ಕನ್ನಡದ ಕಥೆ ಬೇರೆ, ಅದಕ್ಕೊಂದು ಮಾತು ಸಲ್ಲಬೇಕು. ಕನ್ನಡಕ್ಕೆ ಯುನಿಕೋಡಿನಲ್ಲಿ 1991ರಲ್ಲೇ ಜಾಗ ಸಿಕ್ಕಿದ್ದರೂ ‘ಬರಹ’, ‘ನುಡಿ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಕತೆ, ಕವನ, ಕರಪತ್ರ ಲೆಕ್ಕವಿಲ್ಲದಷ್ಟು ಉಳಿದವು. ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಒಂದಕ್ಷರ ಕಾಣದು. ಕೊಂಬು, ಟೋಪಿ, ಬಾಲ ತೊಟ್ಟ ರೋಮನ್ ಅಕ್ಷರಗಳ ಜಾತ್ರೆ ಕಾಣುತ್ತದೆ. ಹಲ್ಮಿಡಿಯ ಕಲ್ಲನ್ನು ಹದಿನೈದು ಶತಮಾನ ಕಳೆದ ಮೇಲೂ ಓದಬಹುದು, 1999ರ ಮಗನ ಮದುವೆಯ ಆಮಂತ್ರಣಕ್ಕೆ ಕನ್ವರ್ಟರ್ ಬೇಕು. ಪರಿವರ್ತಿಸಿದ ಮೇಲೂ ಒತ್ತಕ್ಷರ ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ ಹಾರಿಹೋಗಿರುತ್ತದೆ. ವಧುವಿನ ತಂದೆಯ ಹೆಸರಿನಲ್ಲಿ ಇದು ನಡೆದರೆ ಗ್ರಂಥಸಂಪಾದನಶಾಸ್ತ್ರದ ನೆರವು ಪಡೆಯತಕ್ಕದ್ದು.

ಸೂತ್ರಂ: ನೋಡದಳಿಸಲಾಗದು, ನೋಡಿದೊಡಳಿಸಲ್ ಮನಂ ಬಾರದು, ಅದರಿಂ ಹೊಸ ಡಿಸ್ಕಂ—

ವೃತ್ತಿ: ಇದು ಅಳಿಸುವ ವಿಧಿಯ ಪ್ರಕರಣ. ಪ್ರಯೋಗದಿಂದಲೇ ಆರಂಭಿಸೋಣ. ಭಾನುವಾರ ಮಧ್ಯಾಹ್ನ ಕುಟುಂಬವೊಂದು ಡಿಸ್ಕು ಖಾಲಿ ಮಾಡಲು ಸಂಕಲ್ಪ ತೊಟ್ಟು ಕೂತಿತು. ಮೊದಲು ತೆರೆದದ್ದು ಉಪನಯನದ ಫೋಲ್ಡರು. ಒಂದೇ ಭಂಗಿಯ ಹದಿನಾಲ್ಕು ಚಿತ್ರ. ಒಂದರಲ್ಲಿ ವಟು ಕಣ್ಣು ಮುಚ್ಚಿದ್ದಾನೆ, ಒಂದರಲ್ಲಿ ಪುರೋಹಿತರು ಆಕಳಿಸುತ್ತಿದ್ದಾರೆ, ಒಂದರಲ್ಲಿ ಯಾರದೋ ಮೊಣಕೈ. ವಟು ಚೆನ್ನಾಗಿ ಬಂದದ್ದರಲ್ಲಿ ಅತ್ತೆ ಸರಿಯಿಲ್ಲ, ಅತ್ತೆ ಸರಿಯಿದ್ದದ್ದರಲ್ಲಿ ಮೊಣಕೈ. ಆ ಮೊಣಕೈ ಯಾರದೆಂಬ ತರ್ಕ ಕಾಫಿಯವರೆಗೆ ನಡೆದು, ಹುಬ್ಬಳ್ಳಿಯ ಭಾವನದೇ ಎಂದು ಬಳೆಗಡಗದ ಆಧಾರದಿಂದ ತೀರ್ಮಾನವಾಯಿತು. ಭಾವನಿಗೆ ತೋರಿಸಬೇಕಲ್ಲ ಎಂದು ಗಣಕದ ತೆರೆಯ ಮೇಲಿದ್ದ ಆ ಚಿತ್ರಕ್ಕೇ ಫೋನು ಹಿಡಿದು ಇನ್ನೊಂದು ಫೋಟೋ ತೆಗೆದು ಗುಂಪಿಗೆ ಹಾಕಿದರು. ಗುಂಪಿನಲ್ಲಿದ್ದ ಎಲ್ಲರ ಫೋನಿಗೂ ಅದು ತಾನಾಗಿ ಇಳಿಯಿತು. ಅಳಿದದ್ದು ಸೊನ್ನೆ. ಸೇರಿದ್ದನ್ನು ಲೆಕ್ಕ ಹಾಕಲು

(ಇಲ್ಲಿಂದ ಮುಂದೆ ಗ್ರಂಥಪಾತ. ಡಿಸ್ಕಿನಲ್ಲಿ ಜಾಗವಿಲ್ಲ.)