ಚೀಲದಲ್ಲೊಂದು ಬಡಗಿಮನೆ

ನನ್ನ ಕ್ಯಾಂಪಿಂಗ್ ಚೀಲವನ್ನು ಎತ್ತಿಕೊಡಲು ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಏನ್ರೀ ಇದು, ಕಲ್ಲು ತುಂಬ್ಕೊಂಡಿದೀರಾ?" ಕಲ್ಲು ಇರುವುದು ನಿಜ. ಆದರೆ ಒಂದೇ ಒಂದು, ಅಂಗೈಯೊಳಗೆ ಕೂರುವ ಸಾಣೆಕಲ್ಲು. ಮಿಕ್ಕದ್ದೆಲ್ಲ ಕಬ್ಬಿಣ.

ಮಡಚುವ ಗರಗಸ, ಗಿಡ್ಡ ಕಾವಿನ ಕೊಡಲಿ, ಒರೆಯೊಳಗಿನ ಚಾಕು, ಚಮಚದ ಗುಳಿ ತೋಡಲು ಬಾಗಿದ ಇನ್ನೊಂದು ಚಾಕು, ಉಳಿ, ಹಿಡಿಯೇ ಇಲ್ಲದ ಬೈರಿಗೆ. ಹಿಡಿ ಯಾಕಿಲ್ಲವೆಂದರೆ, ಅದನ್ನು ಕಾಡಿನಲ್ಲೇ ಒಂದು ಕೋಲು ಕಡಿದು ತೂರಿಸಿಕೊಳ್ಳಬೇಕಂತೆ. ಮಜಾ ಇರುವುದೇ ಅದರಲ್ಲಂತೆ. ಅರ್ಧ ಸಾಮಾನಿಗೆ ಪೂರ್ತಿ ದುಡ್ಡು ಕೊಡುವುದೇ ಸಾಹಸದ ಮೊದಲ ಮೆಟ್ಟಿಲು. ಇವಕ್ಕೆಲ್ಲ ಅಂಗಡಿಯವರು 'ಕಾಂಪ್ಯಾಕ್ಟ್' ಎನ್ನುತ್ತಾರೆ. ಸುಳ್ಳಲ್ಲ, ಒಂದೊಂದೂ ಹಗುರವೇ. ಎಲ್ಲವನ್ನೂ ಒಟ್ಟಿಗೆ ತೂಗಿ ತೋರಿಸುವ ಅಂಗಡಿ ಮಾತ್ರ ಎಲ್ಲೂ ಇಲ್ಲ.

ಕಬ್ಬಿಣಕ್ಕೊಂದು ಕೆಟ್ಟ ಗುಣ: ಅದು ಒಂಟಿಯಾಗಿ ಬರುವುದಿಲ್ಲ, ಪರಿವಾರ ಸಮೇತ ಬರುತ್ತದೆ. ಚಾಕು ಬಂದರೆ ಸಾಣೆಕಲ್ಲು ಬೇಕು. ಸಾಣೆ ಹಿಡಿದ ಮೇಲೆ ಅಲಗು ತೀಡಲು ಚರ್ಮದ ಪಟ್ಟಿ, ಪಟ್ಟಿಗೆ ಸವರಲು ಹಸಿರು ಮೇಣ. ಕೊಡಲಿಗೆ ಅರ ಬೇಕು, ಒರೆ ಬೇಕು. ಒಳ್ಳೆಯ ಅಲಗೆಂದರೆ ಕಾರ್ಬನ್ ಉಕ್ಕಿನದು; ಮಲೆನಾಡಿನ ತೇವಕ್ಕೆ ಅದು ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ, ಹಾಗಾಗಿ ಎಣ್ಣೆ ಬೇಕು. ಎಣ್ಣೆಗೆ ಸೋರದ ಡಬ್ಬಿ ಬೇಕು. ಸೋರದ ಡಬ್ಬಿ ಸೋರಿದಾಗ ಒರೆಸಲು ಬಟ್ಟೆ ಬೇಕು. ಇಷ್ಟಾಗುವ ಹೊತ್ತಿಗೆ ಹಾಕಿಕೊಳ್ಳುವ ಬಟ್ಟೆಗೆ ಚೀಲದಲ್ಲಿ ಜಾಗವಿರುವುದಿಲ್ಲ.

ಇದನ್ನೆಲ್ಲ ಹಾಲಿನಲ್ಲಿ ಹರಡಿಕೊಂಡು ಕೂತಿದ್ದಾಗ ಊರಿಂದ ಬಂದಿದ್ದ ನಮ್ಮತ್ತೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಅಡುಗೆಮನೆಗೆ ಹೋಗಿ ಮಗಳನ್ನು ಮೆಲ್ಲಗೆ ಕೇಳಿದರು: "ಅಳಿಯಂದಿರು ಮರಗೆಲಸಕ್ಕೆ ಹೋಗ್ತಿದಾರೇನೇ? ದಿನಕ್ಕೆ ಎಷ್ಟು ಕೊಡ್ತಾರೆ?"

"ಕೊಡೋದಲ್ಲಮ್ಮ, ಇವರೇ ಕೊಟ್ಟು ಹೋಗ್ತಾರೆ" ಎಂದಳು ನನ್ನ ಹೆಂಡತಿ. ಅತ್ತೆ ಮುಂದೆ ಏನೂ ಕೇಳಲಿಲ್ಲ. ಆ ರಾತ್ರಿ ಮಾತ್ರ ನನ್ನ ತಟ್ಟೆಗೆ ಒಂದು ಚಮಚ ತುಪ್ಪ ಹೆಚ್ಚಿಗೆ ಬಿತ್ತು.

ಹತಾರ ಹೊತ್ತು ಕಾಡಿಗೆ ಹೋಗುವ ಈ ಶಾಸ್ತ್ರಕ್ಕೆ ಮೂಲಪುರುಷರಿದ್ದಾರೆ. ಅವರು ಬೇಟೆಗಾರರೋ ಸೇನಾಪತಿಗಳೋ ಇರಬೇಕೆಂದು ನಾನು ನಂಬಿದ್ದೆ. ನೋಡಿದರೆ ಒಬ್ಬ ಬೂಟು ಹೊಲಿಯುವ ಕಸುಬಿನವನು, ಇನ್ನೊಬ್ಬ ಗ್ರಂಥಪಾಲಕ. ಮೊದಲನೆಯವನು ಅಮೆರಿಕದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್. 'ನೆಸ್‌ಮಕ್' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. 1884ರಲ್ಲಿ ಅವನ 'ವುಡ್‌ಕ್ರಾಫ್ಟ್' ಪುಸ್ತಕ ಬಂತು. ಎರಡನೆಯವನು ಹೊರೇಸ್ ಕೆಫಾರ್ಟ್. ಸೇಂಟ್ ಲೂಯಿಸ್ ನಗರದ ಗ್ರಂಥಾಲಯ ಬಿಟ್ಟು ಸ್ಮೋಕಿ ಬೆಟ್ಟಗಳ ಕಡೆ ಹೊರಟವನು, 1906ರಲ್ಲಿ ಕ್ಯಾಂಪಿಂಗ್ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. ಪುಸ್ತಕಗಳ ನಡುವೆ ಕೂತವನಿಗೆ ಕಾಡು ಹಾಗೆ ಕರೆಯುತ್ತದೆ ಎಂಬುದು ಕಚೇರಿಯ ಫೈಲುಗಳ ನಡುವೆ ಕೂತ ನನಗೆ ಬೇಗ ಅರ್ಥವಾಯಿತು.

ನೆಸ್‌ಮಕ್ ಸಣಕಲ ಆಸಾಮಿ. ಐವತ್ತು ಕಿಲೋ ಆಸುಪಾಸಿನ ಮೈ. ಭಾರ ಹೊರಲಾಗದ್ದರಿಂದಲೇ ಹಗುರದ ಸಿದ್ಧಾಂತಿಯಾದ. 1883ರಲ್ಲಿ ಅವನು ನ್ಯೂಯಾರ್ಕ್ ರಾಜ್ಯದ ಆಡಿರಾಂಡಾಕ್ ಕೆರೆಗಳಲ್ಲಿ ಹುಟ್ಟು ಹಾಕಿದ 'ಸೇರಿ ಗ್ಯಾಂಪ್' ದೋಣಿಯ ತೂಕ ಹತ್ತೂವರೆ ಪೌಂಡು, ಅಂದರೆ ಐದು ಕಿಲೋಗೂ ಕಡಿಮೆ. ಹತಾರಗಳು ಮೂರೇ: ಎರಡು ಬಾಯಿಯ ಪುಟ್ಟ ಕೊಡಲಿ, ತೆಳು ಅಲಗಿನ ಚಾಕು, ಜೇಬಿನ ಮಡಚು ಚಾಕು. ಅವನ ಭಕ್ತರಾದ ನಾವು ಆ ಮೂರನ್ನೂ ತಪ್ಪದೆ ಕೊಳ್ಳುತ್ತೇವೆ, ಕೊಂಡು ನಮ್ಮ ಹಳೆಯ ಸಂಗ್ರಹಕ್ಕೆ ಸೇರಿಸಿಕೊಳ್ಳುತ್ತೇವೆ. ಹೀಗಾಗಿ ನನ್ನ ಚೀಲ ಅವನ ದೋಣಿಗಿಂತ ಭಾರ, ಮತ್ತು ನೀರಲ್ಲಿ ತೇಲುವುದಿಲ್ಲ.

ಜೇಬಿನ ಹತಾರಗಳ ಜಾತಕ ತೆಗೆದರೆ ಇನ್ನೂ ಸ್ವಾರಸ್ಯ. 1891ರಲ್ಲಿ ಸ್ವಿಸ್ ಸೈನಿಕರಿಗೆ ಕೊಟ್ಟ ಚಾಕುವಿನಲ್ಲಿ ಅಲಗು, ತೂತು ಕೊರೆಯುವ ಮೊನೆ, ಡಬ್ಬಿ ತೆರೆಯುವ ಕೊಂಡಿ, ಬಂದೂಕು ಬಿಚ್ಚಲು ಸ್ಕ್ರೂಡ್ರೈವರ್ ಇದ್ದವು. 1897ರಲ್ಲಿ ಅಧಿಕಾರಿಗಳಿಗೆಂದು ಬಂದ ಚಾಕುವಿಗೆ ಬಾಟಲಿಯ ಬಿರಡೆ ಕೀಳುವ ಸುರುಳಿಯೂ ಸೇರಿತು. ಅಧಿಕಾರಿಗಳ ತುರ್ತು ಯಾವ ಕಾಲಕ್ಕೂ ಬೇರೆಯದೇ. ಇನ್ನು ಇಕ್ಕಳವನ್ನೇ ಮಡಚಿ ಜೇಬಿಗಿಳಿಸಿದ ಟಿಮ್ ಲೆದರ್‌ಮನ್ ಅದನ್ನು 1983ರಲ್ಲಿ ಮಾರುಕಟ್ಟೆಗೆ ತಂದಾಗ ಇಟ್ಟ ಹೆಸರು 'ಪಾಕೆಟ್ ಸರ್ವೈವಲ್ ಟೂಲ್'. ಹೆಸರು ಕೇಳಿದರೆ ಸಿಂಹದ ಗುಹೆಯಲ್ಲಿ ಹುಟ್ಟಿರಬೇಕು ಅನ್ನಿಸುತ್ತದೆ. ಅದು ಹೊಳೆದದ್ದು 1975ರ ಯುರೋಪ್ ಪ್ರವಾಸದಲ್ಲಿ, ಕೈಕೊಡುವ ಹಳೆಯ ಫಿಯೆಟ್ ಕಾರು ಮತ್ತು ಹೋಟೆಲ್ ರೂಮಿನ ಸೋರುವ ನಲ್ಲಿಗಳ ದೆಸೆಯಿಂದ. ನನ್ನ ಇಕ್ಕಳವೂ ಇದುವರೆಗೆ ಕಂಡಿರುವುದು ನಲ್ಲಿಗಳನ್ನೇ.

ಇವು ಬೇರೆ ನಾಡಿನ ಮರಕ್ಕೆ ಹುಟ್ಟಿದ ಹತಾರಗಳೆಂಬುದು ಇನ್ನೊಂದು ತೊಡಕು. ಸ್ವೀಡನ್ನಿನ ಮೋರಾ ಎಂಬ ಊರಿನ ಚಾಕು ಜಗತ್ಪ್ರಸಿದ್ಧ. ಅಲ್ಲಿಯ ಬರ್ಚ್, ಪೈನ್ ಮರಗಳನ್ನು ಅದು ಸರಾಗವಾಗಿ ಸೀಳುತ್ತದೆ. ಅದನ್ನೇ ನಮ್ಮ ಒಣಗಿದ ಮತ್ತಿಗೋ ಜಂಬೆಗೋ ಇಟ್ಟು ನೋಡಿ, ಯಾರು ಯಾರನ್ನು ಕೆತ್ತುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ. ಬಿದಿರಂತೂ ನೋಡಲು ಪಾಪದ್ದು, ಆದರೆ ಅದರ ಸಿಪ್ಪೆಯಲ್ಲಿ ಮರಳಿನ ಅಂಶವಾದ ಸಿಲಿಕಾ ಇದೆ. ಎಂಥ ಅಲಗನ್ನೂ ಮೊಂಡಾಗಿಸುತ್ತದೆ. ಜಪಾನೀ ಗರಗಸದ್ದು ಇನ್ನೊಂದು ಪಾಠ. ಅದರ ಹಲ್ಲು ಎಳೆದಾಗ ಕೊಯ್ಯುತ್ತದೆ. ಎಳೆದಾಗ ಅಲಗು ಬಿಗಿದು ನೇರ ನಿಲ್ಲುವುದರಿಂದ ಅದನ್ನು ತೆಳ್ಳಗೆ ಮಾಡಬಹುದು. ತೆಳ್ಳಗಿದ್ದರೆ ಕೊಯ್ತ ಹಗುರ. ತಳ್ಳಿದಿರೋ, ಬಾಗಿತು. ಬಸ್ಸಿನ ಬಾಗಿಲಲ್ಲಿ ತಳ್ಳಿಯೇ ಬೆಳೆದ ಕೈಗಳಿಗೆ ಈ ವಿನಯ ಕಲಿಸುವುದು ಸುಲಭವಲ್ಲ.

ಸರಿ, ಇಷ್ಟೆಲ್ಲ ಹೊತ್ತು ಹೋಗುವುದೆಲ್ಲಿಗೆ? ನಿಜವಾದ ಕಾಡಿಗೆ ಹೋಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಕ್ಕೆ ಆಯುಧ ಒಯ್ಯಬಾರದು. ಆಯುಧಗಳ ಪಟ್ಟಿಯಲ್ಲಿ ಬಂದೂಕು, ಬಿಲ್ಲುಬಾಣ, ವಿಷದ ಜೊತೆಗೆ ಚಾಕುವಿಗೂ ಜಾಗವಿದೆ. ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಾಕುವಂತಿಲ್ಲ. ಅಪ್ಪಣೆಯಿಲ್ಲದೆ ಅಲ್ಲಿಯ ಕಡ್ಡಿ ಎತ್ತುವಂತಿಲ್ಲ. ಇದು ನ್ಯಾಯವೇ. ಕಾಡಿನಲ್ಲಿ ನಾನು ಬದುಕುಳಿಯುವುದಕ್ಕಿಂತ ನನ್ನಂಥವರಿಂದ ಕಾಡು ಬದುಕುಳಿಯುವುದು ಮುಖ್ಯ. ಅದಲ್ಲದೆ ನಮ್ಮ ಕಾಡಿನಲ್ಲಿ ಮಳೆಗಾಲದ ಚಾರಣಿಗನ ಮೇಲೆ ತಪ್ಪದೆ ಎರಗುವ ಪ್ರಾಣಿ ಇಂಬಳ. ಅದರ ಎದುರು ಕೊಡಲಿ ಬೀಸಿದರೆ ಹೋಗುವುದು ನಮ್ಮದೇ ಕಾಲು.

ಹೀಗಾಗಿ ಬದುಕುಳಿಯುವ ಹತಾರಗಳನ್ನು ಧಾರಾಳವಾಗಿ ಒಯ್ಯಬಹುದಾದ ಜಾಗವೆಂದರೆ ಬದುಕುಳಿಯುವ ಸಮಸ್ಯೆಯೇ ಇಲ್ಲದ ಜಾಗ. ನಮ್ಮ ಗೆಳೆಯರ ಗುಂಪು ಡೇರೆ ಹಾಕುವುದು ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಹುಲ್ಲುಹಾಸಿನ ಮೇಲೆ. ಕೂಗಳತೆಯಲ್ಲಿ ಹಂಡೆಯ ಬಿಸಿನೀರು, ಬೆಳಿಗ್ಗೆ ಅಕ್ಕಿರೊಟ್ಟಿ. ಮರಗಸಿಯಲ್ಲಿ ಕಡಿದುಹಾಕಿದ ಸಿಲ್ವರ್ ಓಕ್ ರೆಂಬೆಗಳು ಬೇಕಾದಷ್ಟು ಬಿದ್ದಿರುತ್ತವೆ. ಆಸ್ಟ್ರೇಲಿಯಾದಿಂದ ಬಂದ ಮರ, ಚಾಕುವಿಗೆ ಮಣಿಯುತ್ತದೆ.

ಅಲ್ಲೊಂದು ಸಂಜೆ ಮಳೆ ಬಂದು ನಿಂತಿತ್ತು. ಪುಸ್ತಕದಲ್ಲಿ ಹೇಳುವ ಪರಿಸ್ಥಿತಿ ಇದೇ. ಮೇಲೆ ತೊಯ್ದ ಕೊರಡು ಒಳಗೆ ಒಣಗಿರುತ್ತದೆ. ಸೀಳಿ ಒಳಗಿನ ತಿರುಳು ತೆಗೆಯಬೇಕು. ಅದರ ಮೇಲೆ ಚಾಕುವನ್ನು ನವಿರಾಗಿ ಜಾರಿಸಿ, ಉದುರಿಹೋಗದಂತೆ ಸುರುಳಿಗಳನ್ನು ಎಬ್ಬಿಸಬೇಕು. ಕಡ್ಡಿಗೆ ಗರಿ ಮೂಡಿದಂತೆ ಕಾಣಬೇಕು. ಆಗ ಬೆಂಕಿ ಹಿಡಿಯುತ್ತದೆ. ನಾನು ಎರಡನೆಯ ಗರಿಯಲ್ಲಿದ್ದೆ. ತೋಟದ ಹಿರಿಯಾಳೊಬ್ಬ ಬಂದು ನೋಡಿ, "ಬೆಂಕಿ ಬೇಕಾಗಿತ್ತಾ ಸ್ವಾಮಿ? ಮೊದ್ಲೇ ಹೇಳಬಾರ್ದಿತ್ತಾ" ಎಂದು ಕೊಟ್ಟಿಗೆಯಿಂದ ಒಣ ಅಡಿಕೆ ಹಾಳೆಯ ಚೂರು ತಂದು, ಕಡ್ಡಿ ಗೀರಿ, ಹೊತ್ತಿಸಿಯೇಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಸಂಕಟ. ಒಂದು ಗಂಟೆಗೆಂದು ಇಟ್ಟುಕೊಂಡಿದ್ದ ಕೆಲಸವನ್ನು ಆತ ಒಂದು ನಿಮಿಷದಲ್ಲಿ ಮುಗಿಸಿ, ಉಳಿದ ಸಮಯವನ್ನು ನನ್ನ ತಲೆಗೆ ಕಟ್ಟಿ ಹೋಗಿದ್ದ.

ಯಾಕೆಂದರೆ ಡೇರೆಯಲ್ಲಿ ನಿಜವಾದ ಅಪಾಯ ಶುರುವಾಗುವುದು ಕತ್ತಲಾದ ಮೇಲೆ. ಫೋನಿಗೆ ನೆಟ್‌ವರ್ಕ್ ಇರುವುದಿಲ್ಲ. ಊಟಕ್ಕೆ ಇನ್ನೂ ಮೂರು ಗಂಟೆ. ಬೆಂಕಿಯ ಸುತ್ತ ಕೂತವರಲ್ಲಿ ಒಬ್ಬರು ಷೇರುಪೇಟೆಯ ಬಗ್ಗೆ ಮಾತೆತ್ತುತ್ತಾರೆ. ಇನ್ನೊಬ್ಬರು "ಅಂತ್ಯಾಕ್ಷರಿ ಆಡೋಣ" ಎನ್ನುತ್ತಾರೆ. ಮತ್ತೊಬ್ಬರು ಬುಟ್ಟಿ ಈರುಳ್ಳಿ ತಂದು, ಯಾರ ಕೈ ಖಾಲಿಯಿದೆ ಎಂದು ಹುಡುಕುತ್ತಾರೆ. ಇಲ್ಲಿ ಬದುಕುಳಿಯಬೇಕಾದರೆ ಕೈಯಲ್ಲೊಂದು ತುಂಡು ಮರ, ಒಂದು ಚಾಕು ಇರಲೇಬೇಕು.

ಕೆತ್ತುತ್ತ ಕೂತವನನ್ನು ಯಾರೂ ಹಾಡು ಎನ್ನುವುದಿಲ್ಲ. "ಪಾಪ, ಏನೋ ಮಾಡ್ತಿದಾರೆ, ಬಿಡಿ" ಎನ್ನುತ್ತಾರೆ. ಇಡೀ ಬಿಡಾರದಲ್ಲೇ ಅತ್ಯಂತ ಹರಿತವಾದ ಚಾಕು ನನ್ನದು, ಆದರೂ ಈರುಳ್ಳಿ ನನ್ನ ಹತ್ತಿರ ಬರುವುದಿಲ್ಲ. ಕಾರ್ಬನ್ ಉಕ್ಕು ಈರುಳ್ಳಿ, ನಿಂಬೆ ತಗಲಿದರೆ ಕಪ್ಪಾಗುತ್ತದೆ ಎಂದು ಎಲ್ಲರಿಗೂ ವಿವರಿಸಿಟ್ಟಿದ್ದೇನೆ. ಲೋಹಶಾಸ್ತ್ರ ನನಗೆ ಇಷ್ಟು ಉಪಕಾರ ಮಾಡುತ್ತದೆಂದು ಕಾಲೇಜಿನಲ್ಲಿ ಗೊತ್ತಿರಲಿಲ್ಲ. ಇದಕ್ಕಿಂತ ಬಲವಾದದ್ದು ಸ್ಕೌಟ್ ಹುಡುಗರಿಗೆ ಕಲಿಸುವ 'ರಕ್ತವೃತ್ತ'ದ ನಿಯಮ: ಕೆತ್ತುವವನು ತೋಳು ಚಾಚಿ ಚಾಕು ಸುತ್ತಿದರೆ ಎಷ್ಟು ದೂರವೋ, ಅಷ್ಟರೊಳಗೆ ಇನ್ನೊಬ್ಬರು ಕಾಲಿಡಬಾರದು. ಸುರಕ್ಷತೆಗೆಂದು ಮಾಡಿದ ನಿಯಮ, ಷೇರುಪೇಟೆಯವರಿಗೂ ಅನ್ವಯಿಸುತ್ತದೆ.

ಹಾಗಾಗಿ ಹೊಸದಾಗಿ ಹೊರಡುವವರಿಗೆ ನನ್ನ ಸಲಹೆ ಇಷ್ಟೇ. ಗರಗಸವೊಂದು, ಚಾಕುವೊಂದು, ಸಾಣೆಕಲ್ಲೊಂದು ಸಾಕು. ಬೈರಿಗೆಯನ್ನು ಮನೆಯಲ್ಲೇ ಬಿಡಿ. ಅದಕ್ಕಿಂತ ಮುಖ್ಯವಾಗಿ, ಅರ್ಧ ಕೆತ್ತಿದ ಒಂದು ಮರದ ಸೌಟನ್ನು ಚೀಲದಲ್ಲಿಟ್ಟುಕೊಳ್ಳಿ. ಅದರ ತೂಕ ಏನೂ ಇಲ್ಲ, ಅನುಮತಿಪತ್ರ ಬೇಡ, ತುಕ್ಕು ಹಿಡಿಯುವುದಿಲ್ಲ. ಯಾವ ಕಾರಣಕ್ಕೂ ಅದನ್ನು ಮುಗಿಸಬೇಡಿ. ಮುಗಿದ ಸೌಟು ಕೈಯಲ್ಲಿದ್ದರೆ ಸಾಂಬಾರು ಬಡಿಸಲು ಕರೆಯುತ್ತಾರೆ.