ಕತ್ತಲ ನಾಟಕಕ್ಕೆ ಹೋದ ರಾಯರು

ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ಸಜೀವವಾದ ಆನೆ ಕುದುರೆಗಳು ರಂಗವನ್ನೇರಿದುದನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡು, ಪರದೆಯೇಳುವ ಮುನ್ನವೇ ಹಾರ್ಮೋನಿಯಂ ನಾದಕ್ಕೆ ಪುಳಕಿತರಾಗಿ, ಹಾಡು ಹಿಡಿಸಿತೆಂದರೆ ‘ಒನ್ಸ್ ಮೋರ್’ ಎಂದು ಕೂಗಿ ಸತ್ತು ಬಿದ್ದ ಅಭಿಮನ್ಯುವನ್ನೂ ಎಬ್ಬಿಸಿ ಮತ್ತೊಮ್ಮೆ ಹಾಡಿಸಬಲ್ಲ ರಸಿಕಪರಂಪರೆಗೆ ಸೇರಿದವರು ನಮ್ಮ ರಾಯರು. ಇಂಥವರು ಬಡಾವಣೆಗೊಬ್ಬರಾದರೂ ಇದ್ದೇ ಇರುತ್ತಾರೆ. ತಾಲ್ಲೂಕು ಕಚೇರಿಯ ಶಿರಸ್ತೇದಾರಿಕೆಯಿಂದ ನಿವೃತ್ತರಾದ ಅವರನ್ನು, ಟಿಕೇಟೊಂದು ಮಿಕ್ಕಿತೆಂಬ ಏಕಮಾತ್ರ ಕಾರಣದಿಂದ, ಮಗ ಸೊಸೆಯರು ರವೀಂದ್ರ ಕಲಾಕ್ಷೇತ್ರಕ್ಕೆ ಹೊರಡಿಸಿದರು. ನಾಟಕ, 1953ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ರಂಗವೇರಿದ ನಾಟಕಕಾರ ಬೆಕೆಟ್ಟನ, ಗೊಡೋ ಎಂಬಾತನಿಗಾಗಿ ಕಾಯುವ ಪ್ರಸಂಗದ ಕನ್ನಡ ರೂಪ.

ರಂಗದ ಮೇಲೆ ಒಂದು ಒಣಮರ, ಅರೆಬೆಳಕು, ಬೂಟು ಕಳಚಲು ಹೆಣಗುತ್ತಿರುವ ಒಬ್ಬ ಅಲೆಮಾರಿ. “ದೀಪದ ಖರ್ಚನ್ನೂ ಟಿಕೇಟಿನಲ್ಲಿ ಸೇರಿಸಿಯೇ ವಸೂಲು ಮಾಡಿರುತ್ತಾರೆ, ಅಲ್ಲವೇನಮ್ಮಾ?” ಎಂದು ಸೊಸೆಯನ್ನು ಪಿಸುದನಿಯಲ್ಲಿ ವಿಚಾರಿಸಿ ರಾಯರು ಕಣ್ಣು ಮುಚ್ಚಿದರು. ಆದರೆ ಅಂಕಾಂತ್ಯದಲ್ಲಿ ಹುಡುಗನೊಬ್ಬ ಬಂದು, ಗೊಡೋ ಅವರು ಈ ಸಂಜೆ ಬರುವುದಿಲ್ಲವೆಂದೂ ನಾಳೆ ಖಂಡಿತ ಬರುವರೆಂದೂ ನಿವೇದಿಸಿದಾಗ, ಹೊಂಗೆಯ ಮರದಡಿ ಬೆಳಗಿನಿಂದ ಕಾದು ಕುಳಿತ ರೈತರಿಗೆ ಇದೇ ವಾಕ್ಯವನ್ನು ಜವಾನನ ಮುಖೇನ ತಮ್ಮ ಸೇವಾವಧಿಯುದ್ದಕ್ಕೂ ಹೇಳಿ ಕಳಿಸಿದ್ದ ಆ ಮಹನೀಯರು ಥಟ್ಟನೆ ನೆಟ್ಟಗೆ ಕುಳಿತರು.

ವಿರಾಮದಲ್ಲಿ ಪಕ್ಕದ ಗಡ್ಡಧಾರಿ ತರುಣ, ಗೊಡೋ ಎಂದರೆ ದೇವರೋ ಮೃತ್ಯುವೋ ಶೂನ್ಯವೋ ಎಂಬ ಜಿಜ್ಞಾಸೆಯನ್ನು ಗಂಭೀರವಾಗಿ ಆರಂಭಿಸಿದ. “ದೇವರೂ ಅಲ್ಲ, ಗೀವರೂ ಅಲ್ಲ ಸ್ವಾಮಿ, ಜಮಾಬಂದಿಗೆ ಬರಬೇಕಾಗಿದ್ದ ಸಾಹೇಬರು” ಎಂದು ರಾಯರು ಕಡತವನ್ನು ಅಲ್ಲಿಗೇ ಮುಕ್ತಾಯಗೊಳಿಸಿದರು. ಗೊಡೋ ಯಾರೆಂಬುದು ತನಗೆ ತಿಳಿದಿದ್ದರೆ ನಾಟಕದಲ್ಲಿಯೇ ಹೇಳಿಬಿಡುತ್ತಿದ್ದೆನೆಂದು ಸ್ವತಃ ಬೆಕೆಟ್ಟನೇ ಕೈತೊಳೆದುಕೊಂಡಿರುವಾಗ, ಈ ತೀರ್ಪನ್ನು ತಳ್ಳಿಹಾಕುವ ಅಧಿಕಾರ ನನಗಂತೂ ಇಲ್ಲ. ಆ ತರುಣನಿಗೆ ಇತ್ತೆಂದೂ ತೋರಲಿಲ್ಲ.

ಎರಡನೆಯ ಅಂಕದಲ್ಲಿ ಒಣಮರಕ್ಕೆ ನಾಲ್ಕೈದು ಎಲೆ ಮೂಡಿದ್ದವು. “ಯಾವ ಮಳೆಗೆ ಚಿಗುರಿತೋ!” ಎಂದು ರಾಯರು ಅದನ್ನು ಕ್ಷಮಿಸಿದರು. ಆದರೆ ಅದೇ ಕಾಯುವಿಕೆ, ಅದೇ ಬೂಟು, ಅದೇ ಹುಡುಗನ ಅದೇ ವರದಿ ಮರಳಿ ಬಂದಾಗ ಮಾತ್ರ ಅವರ ರಸಿಕತೆಗೆ ನಿಜವಾದ ಆಘಾತವಾಯಿತು.

“ಯಾರೂ ಒನ್ಸ್ ಮೋರ್ ಅನ್ನಲೇ ಇಲ್ಲವಲ್ಲಮ್ಮಾ!”

ಮುಂದಿನ ಶನಿವಾರ ಇನ್ನೊಂದು ನವ್ಯ ನಾಟಕಕ್ಕೆ ಹೊರಟ ಮಗ ಹೊಸ್ತಿಲಲ್ಲಿ ನಿಂತು “ಅಣ್ಣಾ, ಹೊತ್ತಾಯಿತು” ಎಂದು ಕೂಗುತ್ತಿದ್ದಂತೆ, ಒಳಗಿನಿಂದ ರಾಯರ ಬದಲಿಗೆ ಮೊಮ್ಮಗ ಓಡಿ ಬಂದ.

“ತಾತ ಇವತ್ತು ಬರೋಲ್ಲವಂತೆ. ನಾಳೆ ಖಂಡಿತ ಬರ್ತಾರಂತೆ.”