ಜೀಪಣ್ಣ

ಮಲೆನಾಡಿನ ಯಾವ ಪೇಟೆಗೆ ಹೋದರೂ ಒಬ್ಬ ಜೀಪಣ್ಣ ಇದ್ದೇ ಇರುತ್ತಾನೆ. ಅಪ್ಪನ ಕಾಲದ ಮಹೀಂದ್ರಾ ಜೀಪು, ಅದರ ಹೊಟ್ಟೆಯಲ್ಲಿ ಯಾವುದೋ ಕಾರಿನ ಪೆಟ್ರೋಲ್ ಎಂಜಿನ್ನು. ಆರ್‌ಸಿ ಪುಸ್ತಕದಲ್ಲಿರುವ ಎಂಜಿನ್ನು ಗುಜರಿ ಸೇರಿ ಯಾವ ಕಾಲವಾಯಿತೋ! ಗಾಡಿಯನ್ನು ಮನಬಂದಂತೆ ಬದಲಿಸಬಾರದೆನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೆನಪಿಸಿದರೆ, "ಅದೆಲ್ಲ ಬೆಂಗ್ಳೂರಲ್ಲಿ ಸಾರ್" ಎನ್ನುತ್ತಾನೆ.

ಜಿಪುಣನೇನಲ್ಲ. ನೆತ್ತಿಯ ಮೇಲೆ ಸಾಲು ಲೈಟು, ಎಮ್ಮೆ ಬೆಚ್ಚುವಂಥ ಹಾರನ್ನು, ದಪ್ಪ ಟೈರು, ಎಲ್ಲವೂ ಹೊಸದು. ಕೈ ಬಿಗಿಯಾಗುವುದು ಕಣ್ಣಿಗೆ ಕಾಣದ ಒಂದೇ ಸಾಮಾನಿಗೆ: ಎಂಜಿನ್ನಿನ ಜೊತೆ ಸುತ್ತುವ ಭಾರದ ಚಕ್ರ, ಫ್ಲೈವೀಲು. ಬೇರೆ ಎಂಜಿನ್ನಿಗೂ ಹಳೇ ಗೇರ್‌ಬಾಕ್ಸಿಗೂ ಜಾತಕ ಕೂಡಿಬರುವುದಿಲ್ಲ. ನಡುವೆ ಅಡಾಪ್ಟರ್ ಪ್ಲೇಟು ಬೇಕು, ಕ್ಲಚ್ಚಿಗೆ ಒಪ್ಪುವ ಫ್ಲೈವೀಲು ಬೇಕು. ಹೊಸದು ಮಾಡಿಸುವ ಬದಲು ಹಳೇ ಡೀಸೆಲ್ ಎಂಜಿನ್ನಿನ ಎರಕದ ಫ್ಲೈವೀಲನ್ನೇ ಗೋಣಿಚೀಲದಲ್ಲಿ ತಂದು ಲೇತಿನವರ ಮುಂದೆ ಧೊಪ್ಪೆಂದು ಇಳಿಸುತ್ತಾನೆ.

"ಮೇಸ್ತ್ರಿ, ಸ್ವಲ್ಪ ತೂಕ ಇಳಿಸಿ. ಪಿಕಪ್ ಬರ್ಬೇಕು."

"ಬೋಲ್ಟಿನ ತೂತೇ ಕೂರ್ತಿಲ್ವಲ್ಲಣ್ಣ."

"ಪಕ್ಕದಲ್ಲಿ ಹೊಸದು ಹೊಡೀರಿ."

ಮೇಸ್ತ್ರಿ ಗ್ರೀಸು ಒರೆಸಿ, ತೂತಿನ ಸುತ್ತ ಉಗುರಾಡಿಸುತ್ತಾರೆ. ಕೂದಲೆಳೆಯಂಥದ್ದೊಂದು ಉಗುರಿಗೆ ಸಿಗುತ್ತದೆ.

"ಕ್ರ್ಯಾಕ್ ಇದೆ."

"ಅದು ಗೀರು ಮೇಸ್ತ್ರಿ. ಒಂದು ವೆಲ್ಡಿಂಗ್ ಎಳೀರಿ, ಸಾಕು."

ಎರಕದ ಕಬ್ಬಿಣಕ್ಕೆ ವೆಲ್ಡಿಂಗ್ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಬೆಸೆದ ಪಕ್ಕದಲ್ಲೇ ಪೆಡಸಾಗಿ ಮತ್ತೆ ಬಿರಿಯುತ್ತದೆ. 30 ಸೆಂ.ಮೀ. ಅಗಲದ ಫ್ಲೈವೀಲು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಅಂಚಿನ ವೇಗ ಗಂಟೆಗೆ 225 ಕಿ.ಮೀ. ದಾಟುತ್ತದೆ, ಜೀಪು ಮೊದಲ ಗೇರಿನಲ್ಲಿ ತೆವಳುತ್ತಿದ್ದರೂ. ಅದನ್ನೇ 6000ಕ್ಕೆ ಎಬ್ಬಿಸಿದರೆ ಕಬ್ಬಿಣದ ಮೇಲಿನ ಸೆಳೆತ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಸಿಡಿದರೆ ಚೂರುಗಳು ಬೆಲ್ ಹೌಸಿಂಗ್ ಸೀಳಿಕೊಂಡು ಸುತ್ತಲೂ ಹಾರುತ್ತವೆ. ಮುಂದೆ ಕೂತವರ ಕಾಲು ಇರುವುದು ಅಲ್ಲೇ ಆಸುಪಾಸಿನಲ್ಲಿ. ಅಮೆರಿಕದ ಡ್ರ್ಯಾಗ್ ರೇಸಿನವರು ಈ ಭಯಕ್ಕೇ ಎಸ್‌ಎಫ್‌ಐ 1.1 ಸುರಕ್ಷತಾ ಮುದ್ರೆಯ ಫ್ಲೈವೀಲು ಹಾಕಿ, ಸುತ್ತ ಉಕ್ಕಿನ ಕವಚ ಕಟ್ಟುತ್ತಾರೆ. ಜೀಪಣ್ಣನ ಕಾಲಡಿಗೆ ರಬ್ಬರ್ ಮ್ಯಾಟಿದೆ. ಅದೂ ಹೊಸದೇ.

ಆ ಫ್ಲೈವೀಲು ಕೂರಿಸಿದ ಮೇಲೆ ಗೇರ್ ಲಿವರ್ ಜ್ವರ ಬಂದಂತೆ ನಡುಗಿದರೆ, "ಪವರ್ರು ಸಾರ್, ಪವರ್ರು" ಎಂದು ಹೆಮ್ಮೆಪಡುತ್ತಾನೆ.

ಮನುಷ್ಯ ಮಾತ್ರ ಅಪ್ಪಟ ಒಳ್ಳೆಯವನು. ಮಳೆಯಲ್ಲಿ ಬಸ್ಸು ತಪ್ಪಿ ನಿಂತವರನ್ನು ಬಿಟ್ಟು ಹೋದವನೇ ಅಲ್ಲ. ನಿಮಗೂ ನಿಲ್ಲಿಸಿದರೆ ಧಾರಾಳವಾಗಿ ಹತ್ತಿ. ಮುಂದಿನ ಸೀಟು ಮಾತ್ರ ಬೇಡ.